ಒತ್ತುವದು ಮತ್ತು ಮುಟ್ಟುವದು

ಕಾವ್ಯ-ಕಾದಂಬರಿಗಳನ್ನು ಕುರಿತು ಬರೆಯಬೇಕಾದ ಈ ಪುಟದಲ್ಲಿ ಕೈಫೋನಿನ ಗುಂಡಿಯನ್ನು ಕುರಿತು ಬರೆಯುವದು ಕೆಲವು ವಾಚಕರಿಗೆ ವಿಚಿತ್ರವೆನಿಸಬಹುದು. ಆದರೆ ಮನುಷ್ಯನು ಮಾಡಿದ ವಸ್ತುವು ಮನುಷ್ಯನೊಡನೆ ಹೇಗೆ ಮಾತಾಡುತ್ತದೆ ಎಂಬದನ್ನು ನೋಡುವದೇ ವಿಮರ್ಶೆಯಾದರೆ, ವರುಷಕ್ಕೊಮ್ಮೆ ಕಪಾಟಿನಿಂದ ಇಳಿಯುವ ಪುಸ್ತಕವನ್ನಷ್ಟೇ ಪರೀಕ್ಷಿಸಿ, ದಿನಕ್ಕೆ ನೂರು ಸಲ ಬೆರಳಿಗೆ ಸಿಗುವ ವಸ್ತುವನ್ನು ಬಿಟ್ಟುಬಿಡಬೇಕೆಂಬ ನಿಯಮವನ್ನು ಯಾವ ಆಲಂಕಾರಿಕನೂ ಮಾಡಿದಂತೆ ತೋರುವದಿಲ್ಲ. ಫೋನಿನ ಮೈಮೇಲಿದ್ದ ಗುಂಡಿಗಳು ಒಂದೊಂದಾಗಿ ಮಾಯವಾಗಿ ಅವುಗಳ ಸ್ಥಾನದಲ್ಲಿ ನುಣ್ಣನೆಯ ಗಾಜು ಬಂದಿದೆ. ಅಂಚಿನಲ್ಲಿ ಉಳಿದಿರುವ ಎರಡು ಮೂರು ಗುಂಡಿಗಳನ್ನೂ ತೆಗೆದು, ಮುಟ್ಟಿದರೆ ಸಾಕೆನ್ನುವ ಜಾಗಗಳನ್ನು ಮಾಡಬೇಕೆಂಬ ಪ್ರಯತ್ನ ಕೆಲವು ವರುಷಗಳಿಂದ ನಡೆದಿದೆ. ಇದು ಬರಿಯ ಯಂತ್ರಶಾಸ್ತ್ರದ ಸಂಗತಿಯಲ್ಲ.

ಕನ್ನಡವು ಈ ಎರಡು ಕ್ರಿಯೆಗಳನ್ನು ಎಷ್ಟು ಸ್ಪಷ್ಟವಾಗಿ ಬೇರೆ ಮಾಡಿದೆಯೆಂಬದನ್ನು ಮೊದಲು ನೋಡಬೇಕು. ಒತ್ತುವದಕ್ಕೆ ಎದುರಿಗೊಂದು ಗಟ್ಟಿ ವಸ್ತು ಬೇಕು. ಒತ್ತಾಸೆ, ಒತ್ತಾಯ, ಒತ್ತಡ ಈ ಎಲ್ಲ ಮಾತುಗಳಲ್ಲಿಯೂ ಎರಡು ಬಲಗಳಿವೆ. ಒಂದು ಒತ್ತುತ್ತದೆ, ಇನ್ನೊಂದು ತಾಳಿಕೊಳ್ಳುತ್ತದೆ. ನಮ್ಮ ಲಿಪಿಯಲ್ಲಿಯೇ ಒಂದು ವ್ಯಂಜನದ ಕೆಳಗೆ ಇನ್ನೊಂದು ಕುಳಿತಾಗ ಅದನ್ನು ಒತ್ತಕ್ಷರವೆನ್ನುತ್ತೇವೆ. ಮುಟ್ಟುವದರ ಸ್ವಭಾವವೇ ಬೇರೆ. ಮುಟ್ಟಿದರೆ ಮುನಿಯೆಂಬ ಗಿಡವನ್ನು ಹುಡುಗರೆಲ್ಲ ಬಲ್ಲರು. ಮುಟ್ಟುವದಕ್ಕೆ ಇನ್ನೊಂದು ಅರ್ಥವೂ ಉಂಟು: 'ನಿಮ್ಮ ಪತ್ರ ಮುಟ್ಟಿತು' ಎನ್ನುತ್ತೇವೆ, ಅಂದರೆ ತಲುಪಿತು. ಹೊಸ ಗುಂಡಿಯ ದೋಷವನ್ನು ಹೇಳಲು ಇದಕ್ಕಿಂತ ಒಳ್ಳೆಯ ಮಾತು ನನಗೆ ದೊರೆಯಲಿಲ್ಲ. ನಾನು ಮುಟ್ಟಿದ್ದೇನೆ, ಆದರೆ ಮುಟ್ಟಿತೋ ಇಲ್ಲವೋ ತಿಳಿಯದು.

ನಮ್ಮ ಸೀಮೆಗೆ ಗುಂಡಿಯು ಹೊಸತೇನಲ್ಲ. ಗೋಕಾಕ ಜಲಪಾತದ ನೀರಿನಿಂದ 1887ರಷ್ಟು ಹಿಂದೆಯೇ ವಿದ್ಯುತ್ತನ್ನು ತೆಗೆದರೆಂಬದು ಇಲ್ಲಿಯವರ ಹೆಮ್ಮೆಯ ಮಾತು. ಅದು ಗಿರಣಿಯ ವಿದ್ಯುತ್ತು. ಹಳ್ಳಿಯ ಮನೆಗೆ ದೀಪ ಬರಲು ಬಹಳ ಕಾಲ ಹಿಡಿಯಿತು. 1969ರಲ್ಲಿ ಹುಕ್ಕೇರಿಯಲ್ಲಿ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಹುಟ್ಟಿತು. ಕರಿಯ ಬೇಕಲೈಟಿನ ದುಂಡು ಸ್ವಿಚ್ಚು ಹಳ್ಳಿಯ ಗೋಡೆಗೆ ಬಂದುದು ಆ ಕಾಲದ ಆಚೀಚೆಯಲ್ಲಿ. ಕತ್ತಲಲ್ಲಿ ಗೋಡೆಯನ್ನು ತಡವುತ್ತ ಹೋದ ಕೈಗೆ ಅದರ ಮೂಗು ಸಿಕ್ಕರೆ ಸಾಕು, 'ಟಕ್' ಎಂದಿತೆಂದರೆ ಕೆಲಸವಾಯಿತು. ಕರೆಂಟು ಇಲ್ಲದ ರಾತ್ರಿಯಲ್ಲಿಯೂ ಅದು 'ಟಕ್' ಎನ್ನುತ್ತಿತ್ತು; ನಾನು ನನ್ನ ಕೆಲಸ ಮಾಡಿದ್ದೇನೆ, ತಪ್ಪು ಬೇರೆಯವರದು ಎಂದು ಹೇಳಿದಂತೆ. ಕಂದೀಲಿಗೆ ಬಳಸುತ್ತಿದ್ದ 'ಹಚ್ಚು' ಎಂಬ ಮಾತನ್ನೇ ನಮ್ಮವರು ಸ್ವಿಚ್ಚಿಗೂ ಬಳಸಿದರು. ಹೊಸ ವಸ್ತುವು ಹಳೆಯ ಕ್ರಿಯಾಪದದಲ್ಲಿ ಸುಖವಾಗಿ ಕುಳಿತುಕೊಂಡಿತೆಂದರೆ ಅದು ಕೈಗೆ ಒಗ್ಗಿತೆಂದೇ ಅರ್ಥ.

ಆನಂದವರ್ಧನನು ಧ್ವನಿಯೆಂದುದು ಸ್ವಿಚ್ಚಿನ ಸದ್ದನ್ನಲ್ಲ ಎಂಬದು ನನಗೆ ಗೊತ್ತು, ಬಿ.ಎ. ತರಗತಿಗೆ ವರುಷವರುಷವೂ ಅದನ್ನೇ ಹೇಳುತ್ತೇನೆ. ಆದರೂ ಹೋಲಿಕೆಯು ಪೂರ್ತಿ ಅಪ್ರಸ್ತುತವಲ್ಲ. ಬೆರಳ ಕೆಳಗೆ ಗುಂಡಿಯು ಕುಸಿಯುವದು ವಾಚ್ಯಾರ್ಥವಾದರೆ, 'ಆಯಿತು, ನಿಶ್ಚಿಂತೆಯಿಂದಿರು' ಎಂಬ ಭಾವವು ಅದರಿಂದ ಹೊಮ್ಮುವ ಅರ್ಥ. ಗಾಜಿನ ಗುಂಡಿಯಲ್ಲಿ ವಾಚ್ಯವೇ ಇಲ್ಲ. ಇಲ್ಲದ ವಾಚ್ಯದಿಂದ ಏನು ಹೊಮ್ಮಬೇಕು? ತಯಾರಕರಿಗೂ ಈ ಕೊರತೆ ಗೊತ್ತಿದೆ. 2016ರ ಐಫೋನ್ 7ರಲ್ಲಿ ಕೆಳಗಿನ ದುಂಡು ಗುಂಡಿಯನ್ನು ಅಲುಗಾಡದಂತೆ ಮಾಡಿ, ಒತ್ತಿದಾಗ ಒಳಗಿನ ಒಂದು ಸಣ್ಣ ಯಂತ್ರವು ಕಂಪಿಸಿ ಗುಂಡಿ ಕುಸಿದಂತೆ ಭ್ರಮೆ ಹುಟ್ಟಿಸುವ ಏರ್ಪಾಡು ಮಾಡಿದರು. ಜಾಣತನವೇನೋ ನಿಜ. ಆದರೆ ಫೋನನ್ನು ಆರಿಸಿ ಆ ಗುಂಡಿಯನ್ನು ಒತ್ತಿನೋಡಿದರೆ ಅದು ಬರಿಯ ಕಲ್ಲು. ರಸವಿಲ್ಲದೆಡೆಯಲ್ಲಿ ರಸದಂತೆ ತೋರುವದನ್ನು ನಮ್ಮವರು ರಸಾಭಾಸವೆಂದು ಕರೆದರು. ಇದನ್ನು ಸ್ಪರ್ಶಾಭಾಸವೆಂದು ಕರೆಯಲು ಅಡ್ಡಿಯಿಲ್ಲ. 2018ರಲ್ಲಿ ಹೆಚ್‌ಟಿಸಿ ಕಂಪನಿಯು ಒಂದು ಫೋನಿನ ಅಂಚಿನ ಗುಂಡಿಗಳನ್ನೂ ಇದೇ ಬಗೆಯಲ್ಲಿ ಮಾಡಿತು. ಪರೀಕ್ಷಿಸಿದವರು ಅದನ್ನು ಮೆಚ್ಚಲಿಲ್ಲ.

ಗಾಜು ಬೆರಳನ್ನು ಗುರುತಿಸುವ ರೀತಿ ಕುತೂಹಲಕರವಾಗಿದೆ. ಇಂಗ್ಲೆಂಡಿನ ಇ. ಎ. ಜಾನ್ಸನ್ ಎಂಬವನು 1965ರಷ್ಟು ಹಿಂದೆಯೇ ಇಂಥ ಪರದೆಯನ್ನು ವಿವರಿಸಿ ಬರೆದಿದ್ದನು; 2007ರ ಐಫೋನಿನಿಂದ ಅದು ಜನರ ಕೈಗೆ ಬಂದಿತು. ಗಾಜಿನ ಕೆಳಗೆ ಕಣ್ಣಿಗೆ ಕಾಣದ ತೆಳುವಾದ ವಾಹಕ ಪದರವಿದ್ದು ಅದರಲ್ಲಿ ಅತಿ ಸಣ್ಣ ವಿದ್ಯುದಂಶವಿರುತ್ತದೆ. ಬೆರಳು ಹತ್ತಿರ ಬಂದಾಗ ಅದರಲ್ಲಿ ಸ್ವಲ್ಪವನ್ನು ಸೆಳೆಯುತ್ತದೆ. ಆ ವ್ಯತ್ಯಾಸವನ್ನು ಲೆಕ್ಕಹಾಕಿ ಯಂತ್ರವು ಬೆರಳು ಎಲ್ಲಿದೆಯೆಂದು ತಿಳಿಯುತ್ತದೆ. ಎಂದ ಮೇಲೆ ಅದಕ್ಕೆ ಬೇಕಾದುದು ಬೆರಳಿನ ಬಲವಲ್ಲ, ಬೆರಳಿನ ತೊಗಲು; ಅದೂ ಮೆದುವಾದ, ತುಸು ಪಸೆಯಿರುವ ತೊಗಲು. ಒಣಗಿ ದಡ್ಡುಗಟ್ಟಿದ ಬೆರಳು ಸಾಕಷ್ಟು ಸೆಳೆಯುವದಿಲ್ಲ. ನೀರಿನ ಹನಿಯೋ ತಾನೇ ಬೆರಳಿನಂತೆ ನಟಿಸಿ ಯಂತ್ರವನ್ನು ಮೋಸಗೊಳಿಸುತ್ತದೆ. ಮೇಜಿನ ಮುಂದೆ ಕುಳಿತು ಕೆಲಸ ಮಾಡುವವನ ಕೈಯೇ ಇದರ ಸಹೃದಯ. ಕಬ್ಬು ಕಡಿಯುವವಳ, ಕಳೆ ಕೀಳುವವಳ ಕೈ ಇದಕ್ಕೆ ಅಪರಿಚಿತ.

ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಮೂಡಲಗಿಯ ಕಡೆಗೆ ಘಟಪ್ರಭೆಯ ದಂಡೆಯ ಮೇಲಿರುವ ನಮ್ಮೂರಲ್ಲಿ ಅವ್ವ ಒಬ್ಬಳೇ ಇರುತ್ತಾಳೆ. ಬಹಳ ವರುಷ ಅವಳ ಸೆರಗಿನ ಗಂಟಿನಲ್ಲಿ ನೋಕಿಯಾ 1100 ಇತ್ತು. 2003ರಲ್ಲಿ ಬಂದ ಆ ಫೋನನ್ನು ಕಾಣದವರು ನಮ್ಮಲ್ಲಿ ವಿರಳ. ನೆತ್ತಿಯ ಮೇಲೊಂದು ದೀಪ, ಧೂಳು ಹೋಗದಂತೆ ಒಂದೇ ಹಾಳೆಯಾಗಿ ಹಾಸಿದ ರಬ್ಬರಿನ ಗುಂಡಿಗಳು, 5ರ ಮೇಲೆ ಬೆರಳಿಗೆ ತಾಗುವಂಥ ಗುರುತು. ಅಕ್ಷರ ಬಾರದ ಅವ್ವ ಆ ಗುರುತಿನಿಂದಲೇ ಎಣಿಸಿ ನನಗೆ ಫೋನು ಮಾಡುತ್ತಿದ್ದಳು. 2018ರ ದೀಪಾವಳಿಗೆ ನಾನು ದೊಡ್ಡ ಮಗನ ಠೀವಿಯಿಂದ ಅವಳಿಗೊಂದು ಗಾಜಿನ ಫೋನು ಒಯ್ದುಕೊಟ್ಟೆ. ಮೊಮ್ಮಕ್ಕಳ ಮುಖ ಕಾಣುತ್ತದೆಂಬ ಆಸೆ ತೋರಿಸಿದವನೂ ನಾನೇ.

2019ರ ಆಗಸ್ಟಿನಲ್ಲಿ ಘಟಪ್ರಭೆ ಬಂದಿತು. ಗೋಕಾಕದಲ್ಲಿಯೇ ನೀರು ಮನೆಗಳನ್ನು ಹೊಕ್ಕಿತ್ತು. ಊರಿನ ದಾರಿ ಕಡಿದುಹೋಗಿತ್ತು. ಆ ರಾತ್ರಿ ನಾನು ಹನ್ನೊಂದು ಸಲ ಫೋನು ಮಾಡಿದೆ. ಫೋನು ಬಾರಿಸುತ್ತಿತ್ತು, ಯಾರೂ ಎತ್ತಲಿಲ್ಲ. ಬಾರಿಸುತ್ತಿರುವ ಫೋನನ್ನು ಎತ್ತದ ತಾಯಿಯ ವಿಷಯದಲ್ಲಿ ಮಗನ ಮನಸ್ಸು ಏನೇನು ಕಲ್ಪಿಸುತ್ತದೆಂಬದನ್ನು ಇಲ್ಲಿ ಬರೆಯಬೇಕಾಗಿಲ್ಲ. ಬೆಳಗಾದ ಮೇಲೆ ನೆರೆಮನೆಯ ಹುಡುಗನ ಫೋನಿನಿಂದ ಅವಳ ದನಿ ಕೇಳಿಸಿತು. ಎಲ್ಲರೂ ಕನ್ನಡ ಶಾಲೆಯ ಎತ್ತರದ ಕಟ್ಟೆಯ ಮೇಲಿದ್ದರು.

"ನಿನ್ನ ಫೋಟೋ ಕಾಣಾಕತ್ತಿತ್ತೋ ತಮ್ಮಾ. ತೊಯ್ದ ಕೈಲೆ ತಿಕ್ಕಿದ್ನಿ, ಸೆರಗಿಗೆ ಒರಸಿ ತಿಕ್ಕಿದ್ನಿ. ಒತ್ತಾಕ ಏನರ ಇದ್ದರ ಒತ್ತತಿದ್ದೆ. ಅದು ಬರೇ ನುಣ್ಣಗ."

'ಒತ್ತಾಕ ಏನರ ಇದ್ದರ' ಎಂದ ಈ ಮಾತಿಗಿಂತ ಸಮರ್ಥವಾದ ವಿಮರ್ಶೆಯನ್ನು ನಾನು ಈ ವಿಷಯದಲ್ಲಿ ಓದಿಲ್ಲ.

ಆದರೆ ಒಂದು ಕಡೆಯ ವಾದವನ್ನೇ ಹೇಳಿದರೆ ನ್ಯಾಯವಾಗದು. ಕನ್ನಡದ ಅಧ್ಯಾಪಕನಾಗಿ ನಾನು ಗಾಜಿಗೆ ಋಣಿಯಾಗಿದ್ದೇನೆ. ಹಳೆಯ ಫೋನಿನ ಹನ್ನೆರಡು ಗುಂಡಿಗಳ ಮೇಲೆ ಅಚ್ಚಾಗಿದ್ದುದು ಇಂಗ್ಲಿಷು. ನನ್ನ ವಿದ್ಯಾರ್ಥಿಗಳು ಕನ್ನಡವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುತ್ತಿದ್ದರು. 'ಹಾಲು', 'ಹಾಳು' ಎರಡೂ ಒಂದೇ ಆಗುತ್ತಿದ್ದವು. ಗುಂಡಿಯ ಮೇಲೆ ಒಮ್ಮೆ ಅಚ್ಚಾದ ಅಕ್ಷರವು ಅಳಿಯದು. ಗಾಜಿನ ಮೇಲಿನ ಕೀಲಿಮಣೆಯಾದರೋ ಬೇಕೆಂದಾಗ ಕನ್ನಡವಾಗುತ್ತದೆ, ಸಾಲದಿದ್ದರೆ ಒತ್ತಕ್ಷರಗಳನ್ನು ಬಿಚ್ಚಿ ತೋರಿಸುತ್ತದೆ. ಇಂದು ತರಗತಿಯ ಹುಡುಗಿಯರು ತಮ್ಮ ಕವಿತೆಗಳನ್ನು ಶುದ್ಧ ಕನ್ನಡ ಲಿಪಿಯಲ್ಲಿ ನನಗೆ ಕಳಿಸುತ್ತಾರೆ. (ಕವಿತೆಗಳ ಗುಣವು ಬೇರೆ ಪ್ರಶ್ನೆ.) ಗುಂಡಿಗಳಿಗೆ ಅಂಟಿಕೊಂಡು ಕುಳಿತಿದ್ದರೆ ಇದು ಇಷ್ಟು ಬೇಗ ಆಗುತ್ತಿತ್ತೆಂದು ನನಗೆ ತೋರುವದಿಲ್ಲ.

ಹೀಗಾಗಿ ಪ್ರಶ್ನೆಯು ಔಚಿತ್ಯದ್ದು. ಕ್ಷೇಮೇಂದ್ರನು ಹೇಳಿದ ಹಾಗೆ ಸೊಂಟದ ಪಟ್ಟಿಯನ್ನು ಕೊರಳಿಗೆ ಕಟ್ಟಿದರೆ ನಗೆಗೀಡು. ಪಟ್ಟಿಯ ತಪ್ಪಲ್ಲ, ಜಾಗದ ತಪ್ಪು. ಅಕ್ಷರವು ಬದಲಾಗುತ್ತಿರಬೇಕಾದ ಕಡೆಗೆ ಗಾಜು ಉಚಿತ. ನೋಡದೆಯೇ, ಯೋಚಿಸದೆಯೇ, ನಡುಗುವ ಕೈಯಿಂದ ಮಾಡಬೇಕಾದ ಕೆಲಸಕ್ಕೆ ಗುಂಡಿಯೇ ಬೇಕು. ಇದು ಅವ್ವಂದಿರ ಮಾತಷ್ಟೇ ಅಲ್ಲ. 2017ರಲ್ಲಿ ಸಿಂಗಾಪುರದ ಬಳಿ ಅಮೆರಿಕದ ಜಾನ್ ಎಸ್. ಮೆಕೇನ್ ಎಂಬ ಯುದ್ಧನೌಕೆಯು ಇನ್ನೊಂದು ಹಡಗಿಗೆ ಡಿಕ್ಕಿಹೊಡೆದು 10 ಜನ ನಾವಿಕರು ಸತ್ತರು. ಚುಕ್ಕಾಣಿ ಹಿಡಿದವರನ್ನು ಗೊಂದಲಕ್ಕೀಡುಮಾಡಿದ ಸಂಗತಿಗಳಲ್ಲಿ ಸ್ಪರ್ಶಪರದೆಯ ನಿಯಂತ್ರಣವೂ ಒಂದೆಂದು ವಿಚಾರಣೆಯಲ್ಲಿ ಕಂಡುಬಂದಿತು. 2019ರಲ್ಲಿ ಆ ನೌಕಾಪಡೆಯು ವೇಗ ನಿಯಂತ್ರಣಕ್ಕೆ ಕೈಯಲ್ಲಿ ಹಿಡಿಯುವ ಹಿಡಿಕೆಗಳನ್ನೇ ಮರಳಿ ತರಲು ನಿರ್ಧರಿಸಿತು.

ನಮ್ಮ ಕೇಂದ್ರ ಸರಕಾರವೂ 2016ರಲ್ಲಿ ಒಂದು ನಿಯಮ ಮಾಡಿತು. 2017ರ ಜನವರಿಯಿಂದ ಮಾರುವ ಪ್ರತಿಯೊಂದು ಫೋನಿನಲ್ಲಿಯೂ ಆಪತ್ಕಾಲದ ಗುಂಡಿ ಇರಬೇಕು. ಸಾದಾ ಫೋನಿನಲ್ಲಿ 5 ಅಥವಾ 9ರ ಗುಂಡಿಯನ್ನು ಒತ್ತಿ ಹಿಡಿಯಬೇಕು, ಸ್ಮಾರ್ಟ್‌ಫೋನಿನಲ್ಲಿ ಬೇರೆ ಗುಂಡಿ ಇಲ್ಲದಿದ್ದರೆ ಪವರ್ ಗುಂಡಿಯನ್ನು ಬೇಗಬೇಗ ಮೂರು ಸಲ ಒತ್ತಬೇಕು. ನಿಯಮ ಬರೆದವರಿಗೆ ಕತ್ತಲ ದಾರಿಯಲ್ಲಿ ಒಬ್ಬಳೇ ಬರುವ ಹೆಣ್ಣುಮಗಳ ನೆನಪಿತ್ತು. ಚೀಲದೊಳಗೆ ಕೈಹಾಕಿ, ನೋಡದೆಯೇ ಹುಡುಕಿಕೊಳ್ಳಬಹುದಾದ ವಸ್ತುವನ್ನೇ ಅವರು ಆರಿಸಿದರು. ಫೋನಿನ ಅಂಚನ್ನೂ ನುಣ್ಣಗೆ ಮಾಡಲು ಹೊರಟವರು ಆ ಹೆಣ್ಣುಮಗಳ ಬೆರಳು ಏನನ್ನು ಹುಡುಕಬೇಕೆಂಬದನ್ನು ಹೇಳಬೇಕು. ಕಣ್ಣಿಲ್ಲದವರ ಬೆರಳು ಏನನ್ನು ಹುಡುಕಬೇಕೆಂಬದನ್ನೂ ಹೇಳಬೇಕು. ಪರದೆಯನ್ನು ಓದಿ ಹೇಳುವ ವ್ಯವಸ್ಥೆಯೇನೋ ಫೋನುಗಳಲ್ಲಿದೆ; ಆದರೆ ಕುರುಡನಿಗೆ 5ರ ಮೇಲಿನ ಚುಕ್ಕೆ ಕೊಡುತ್ತಿದ್ದ ಸ್ವಾತಂತ್ರ್ಯಕ್ಕೆ ಯಾರ ದನಿಯೂ ಬೇಕಾಗಿರಲಿಲ್ಲ.

ಅವ್ವನ ಹತ್ತಿರ ಈಗಲೂ ಗಾಜಿನ ಫೋನೇ ಇದೆ. ಮೊಮ್ಮಕ್ಕಳ ಮುಖವನ್ನು ಬಿಟ್ಟುಕೊಡಲು ಅವಳು ಸಿದ್ಧಳಿಲ್ಲ. ಹೋದ ಯುಗಾದಿಗೆ ಊರಿಗೆ ಹೋದಾಗ ನನ್ನ ಮಗಳು ಅಜ್ಜಿಯ ಫೋನನ್ನು ತೆಗೆದುಕೊಂಡು ಏನೋ ಹುಡುಕಿ, ಅಂಚಿನಲ್ಲಿರುವ ದನಿ ಏರಿಸುವ ಗುಂಡಿಯನ್ನು ಒತ್ತಿದರೆ ಕರೆ ಎತ್ತುವಂತೆ ಮಾಡಿಕೊಟ್ಟಳು. ಆ ಅನುಕೂಲವು ಫೋನಿನಲ್ಲಿ ಮೊದಲಿನಿಂದಲೂ ಇತ್ತಂತೆ. ನಾನು ಪಡಸಾಲೆಯಿಂದ ಫೋನು ಮಾಡಿದೆ. ಅಡಿಗೆಮನೆಯಲ್ಲಿ ಅವ್ವ ಹಿಟ್ಟಿನ ಕೈಯಿಂದಲೇ ಅಂಚನ್ನು ಒತ್ತಿ, "ಹಾಂ, ಹೇಳೋ" ಎಂದಳು, ಆಮೇಲೆ ಹೊರಗೆ ಬಂದು ನನ್ನನ್ನು ನೋಡಿ, "ಇದು ಮೊದಲ ತಿಳೀಲಿಲ್ಲೇನು ನಿನಗ?" ಎಂದು ಕೇಳಿದಳು.