‘ರಾಸಾಯನಿಕರಹಿತ’ ಚೆಲುವಿನ ಸಲಹೆಗಳು

ಅರಸೀಕೆರೆ ಎಂದೊಡನೆ ಹೆಚ್ಚಿನವರಿಗೆ ನೆನಪಾಗುವುದು ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್. ನಾನು ಹೇಳುತ್ತಿರುವುದು ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆಯ ವಿಷಯ. ಈ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಯಿತು, 2018ರಲ್ಲಿ ಮರಳಿ ಬಳ್ಳಾರಿಗೆ ಬಂತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಜಿಲ್ಲೆ ಬದಲಾದಂತೆ ಬಿಸಿಲೇನೂ ಬದಲಾಗಲಿಲ್ಲ.

ಅಲ್ಲಿ ಬೆಳಕಿನ ಬಗ್ಗೆ ಉಪನ್ಯಾಸ ಮುಗಿಸಿ ಹೊರಟಾಗ, ಸ್ವಸಹಾಯ ಸಂಘದ ಒಬ್ಬ ತಾಯಿ ಮಡಿಚಿಟ್ಟಿದ್ದ ಪತ್ರಿಕೆಯ ತುಣುಕೊಂದನ್ನು ನನ್ನ ಕೈಗಿಟ್ಟರು. “ಇದ್ರಾಗ ಬರ್ದಿರೋದು ಖರೇನ ಏನ್ರಿ ಸರ್?” ಎಂದು ಕೇಳಿದರು. ಕೆನ್ನೆಯ ಬಂಗಿಗೆ ಪರಿಹಾರವಾಗಿ ಅರ್ಧ ಹೋಳು ನಿಂಬೆ, ಚಿಟಿಕೆ ಅರಿಸಿನ, ಒಂದು ಚಮಚ ಹಾಲಿನ ಕೆನೆ; “ಯಾವ ರಾಸಾಯನಿಕವೂ ಇಲ್ಲದ, ಅಡ್ಡಪರಿಣಾಮವಿಲ್ಲದ ಆರೈಕೆ”. ಆಕೆ ನಿಂಬೆಯ ಹೋಳನ್ನು ಸಿಪ್ಪೆ ಸಮೇತ ಮುಖಕ್ಕೆ ಉಜ್ಜಿಕೊಂಡು, ಮೆಕ್ಕೆಜೋಳದ ಹೊಲಕ್ಕೆ ಕಳೆ ತೆಗೆಯಲು ಹೋಗಿದ್ದರು. ಎರಡು ದಿನದಲ್ಲಿ ಉರಿ, ಗುಳ್ಳೆ. ಆಮೇಲೆ ಕೆನ್ನೆಯಿಂದ ಕತ್ತಿನವರೆಗೆ, ರಸ ಇಳಿದ ದಾರಿಯಲ್ಲೇ ಕಂದು ಪಟ್ಟೆ. ಬಂಗು ಹೋಗುವ ಬದಲು ಅದಕ್ಕೊಂದು ಜೊತೆ ಸಿಕ್ಕಿತ್ತು.

ನಾನು ವೈದ್ಯನಲ್ಲ; ದಾವಣಗೆರೆಯಲ್ಲಿ ಚರ್ಮತಜ್ಞರಿಗೆ ತೋರಿಸಿರಿ ಎಂದೆ. ಆದರೆ ಆ ಪಟ್ಟೆಯ ಹಿಂದಿರುವುದು ಬೆಳಕಿನ ವಿಷಯ, ಅದನ್ನು ವಿವರಿಸುವ ಹೊಣೆ ನನ್ನದೂ ಹೌದು.

ನಿಂಬೆಯಲ್ಲಿ, ಅದರಲ್ಲೂ ಸಿಪ್ಪೆಯಲ್ಲಿ, ಸೊರಾಲೆನ್ ಗುಂಪಿನ ಸಂಯುಕ್ತಗಳಿರುತ್ತವೆ. ಕತ್ತಲಲ್ಲಿ ಇವು ಸಾಧು. 320ರಿಂದ 400 ನ್ಯಾನೊಮೀಟರ್ ಅಲೆಯುದ್ದದ ಅತಿನೇರಳೆ ಕಿರಣವನ್ನು ಹೀರಿಕೊಂಡಾಗ ಮಾತ್ರ ಚರ್ಮಕೋಶದ ಡಿಎನ್‌ಎಗೆ ಅಂಟಿಕೊಂಡು ಹಾನಿ ಮಾಡುತ್ತವೆ. ಉರಿ ಕಾಣಿಸುವುದು ತಡವಾಗಿ, ಒಂದೆರಡು ದಿನಗಳ ಬಳಿಕ. ಆದ್ದರಿಂದಲೇ ಯಾರೂ ನಿಂಬೆಯನ್ನು ಶಂಕಿಸುವುದಿಲ್ಲ; ‘ಉಷ್ಣವಾಯಿತು’ ಎನ್ನುತ್ತಾರೆ. ಉಳಿದ ಕಪ್ಪು ಕಲೆ ತಿಂಗಳುಗಟ್ಟಲೆ ಇರಬಹುದು. ಇದೇ ಸೊರಾಲೆನ್ ಔಷಧವೂ ಹೌದು. ತೊನ್ನಿಗೆ ನಮ್ಮ ಹಳೆಯ ವೈದ್ಯರು ಬಾವಂಚಿ ಬೀಜ ಬಳಸುತ್ತಿದ್ದುದು ಅದರಲ್ಲಿರುವ ಸೊರಾಲೆನ್‌ನಿಂದಾಗಿಯೇ ಫಲ ಕೊಡುತ್ತಿತ್ತು. ಸೊರಾಲೆನ್ ಮತ್ತು ಅತಿನೇರಳೆ ಕಿರಣಗಳನ್ನು ಅಳತೆಮಾಡಿ ಜೋಡಿಸುವ ಚಿಕಿತ್ಸೆ 1974ರಿಂದೀಚೆಗೆ ಸೋರಿಯಾಸಿಸ್‌ಗೂ ಬಳಕೆಗೆ ಬಂತು. ಅಲ್ಲಿ ಔಷಧದ ಪ್ರಮಾಣಕ್ಕೂ ಬೆಳಕಿನ ಪ್ರಮಾಣಕ್ಕೂ ಲೆಕ್ಕವಿದೆ. ಪತ್ರಿಕೆಯ ತುಣುಕಿನಲ್ಲಿ ‘ಅರ್ಧ ಹೋಳು’ ಇದೆ, ಬಿಸಿಲಿನ ಮಾತೇ ಇಲ್ಲ.

ಹರಪನಹಳ್ಳಿ ಇರುವುದು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಸೂರ್ಯ ಅಲ್ಲಿ ವರ್ಷಕ್ಕೆ ಎರಡು ಸಲ ನೆತ್ತಿಯ ಮೇಲೆ ನೇರ ಬರುತ್ತಾನೆ: ಏಪ್ರಿಲ್ ಮುಗಿದು ಮೇ ಹುಟ್ಟುವಾಗ ಒಮ್ಮೆ, ಆಗಸ್ಟ್ ಎರಡನೆಯ ವಾರದ ಸುಮಾರಿಗೆ ಇನ್ನೊಮ್ಮೆ. ಎರಡನೆಯದು ಮುಂಗಾರು ಬೆಳೆಯ ಕೆಲಸದ ಕಾಲ. ತೆಳು ಮೋಡವಿದೆ, ಬಿಸಿಲಿಲ್ಲ ಎಂದು ನಾವು ಭಾವಿಸುವ ದಿನವೂ ಅತಿನೇರಳೆ ಕಿರಣದ ದೊಡ್ಡ ಪಾಲು ಕೆಳಗಿಳಿದಿರುತ್ತದೆ.

ಇಂಥ ಸಲಹೆಗಳನ್ನು ಬರೆಯುವವರ ಬಗ್ಗೆ ನನ್ನ ಮೊದಲ ತಕರಾರು ‘ರಾಸಾಯನಿಕ’ ಎಂಬ ಪದದ ಬಳಕೆ. ನೀರೂ ರಾಸಾಯನಿಕ, ಸಿಟ್ರಿಕ್ ಆಮ್ಲವೂ ರಾಸಾಯನಿಕ. ಚರ್ಮದ ಮೇಲ್ಮೈಯ ಪಿಎಚ್ ಸುಮಾರು 5, ನಿಂಬೆರಸದ್ದು 2ರಿಂದ 2.5. ಒಂದೊಂದು ಅಂಕಕ್ಕೂ ಆಮ್ಲತೆ ಹತ್ತು ಪಟ್ಟು ಏರುವುದರಿಂದ, ನಿಂಬೆರಸ ಚರ್ಮಕ್ಕಿಂತ ಹಲವು ನೂರು ಪಟ್ಟು ಹೆಚ್ಚು ಆಮ್ಲೀಯ. ಇನ್ನೊಂದು ಪುಟದಲ್ಲಿ ಅಡುಗೆ ಸೋಡಾ ತಿಕ್ಕಿರೆನ್ನುತ್ತಾರೆ. ಅದರ ದ್ರಾವಣದ ಪಿಎಚ್ ಸುಮಾರು 8.3. ಎರಡೂ ‘ಸೌಮ್ಯ’ ಎಂಬ ಒಂದೇ ವಿಶೇಷಣ ಪಡೆಯುತ್ತವೆ!

ಎರಡನೆಯ ಪದ ‘ಪೋಷಣೆ’. ಹಾಲಿನ ಪ್ರೋಟೀನು ಚರ್ಮವನ್ನು ಪೋಷಿಸುತ್ತದಂತೆ. ನಾವು ಮುಟ್ಟಿ ನೋಡುವ ಹೊರಪದರ ಸತ್ತ ಕೋಶಗಳದು, ದಪ್ಪ ಒಂದು ಮಿಲಿಮೀಟರಿನ ನೂರನೇ ಒಂದೆರಡು ಭಾಗ. ಸುಮಾರು 500 ಡಾಲ್ಟನ್‌ಗಿಂತ ಭಾರವಾದ ಅಣುಗಳು ಇದನ್ನು ದಾಟುವುದು ಕಷ್ಟ. ಹಾಲಿನ ಕೇಸಿನ್ ಅಣುವಿನ ತೂಕ ಇಪ್ಪತ್ತು ಸಾವಿರ ಡಾಲ್ಟನ್ ಆಸುಪಾಸು. ಅದು ಒಳಗೆ ಹೋಗದು. ತೊಳೆದಾಗ ಬಚ್ಚಲಿಗೆ ಹೋಗುತ್ತದೆ.

ಹಾಗಾದರೆ ಕೆನೆ ಹಚ್ಚಿದ ಮುಖ ಹೊಳೆಯುವುದು ಸುಳ್ಳೇ? ಸುಳ್ಳಲ್ಲ, ಕಾರಣ ಬೇರೆ. ಚಳಿಗಾಲದಲ್ಲಿ ಮಕ್ಕಳು ಒಣಗಿದ ಕಾಲಿನ ಮೇಲೆ ಉಗುರಿನಿಂದ ಬಿಳಿ ಅಕ್ಷರ ಬರೆದು ಆಡುವುದನ್ನು ನೋಡಿದ್ದೀರಿ. ಆ ಬಿಳುಪು ಬಣ್ಣವಲ್ಲ. ಎದ್ದು ನಿಂತ ಹೊಟ್ಟಿನ ನಡುವೆ ಗಾಳಿ ಸೇರಿ, ಬೆಳಕು ಎಲ್ಲ ದಿಕ್ಕಿಗೂ ಚದರುವುದರ ಫಲ. ಗಾಳಿಯ ವಕ್ರೀಭವನಾಂಕ 1, ಚರ್ಮದ ಹೊರಪದರದ್ದು ಸುಮಾರು 1.5, ಕೊಬ್ಬರಿ ಎಣ್ಣೆಯದು 1.45. ಎಣ್ಣೆ ಆ ಸಂದುಗಳನ್ನು ತುಂಬಿದಾಗ ವ್ಯತ್ಯಾಸ ಬಹುಪಾಲು ಅಳಿದು, ಚದರಿಕೆ ತಗ್ಗಿ, ಚರ್ಮದ ಸ್ವಂತ ಬಣ್ಣ ಕಾಣುತ್ತದೆ. ಒದ್ದೆ ಬಟ್ಟೆ ಗಾಢವಾಗಿ ಕಾಣುವುದೂ ಇದೇ ಕಾರಣಕ್ಕೆ. ಎಣ್ಣೆಯ ಪೊರೆ ನೀರು ಆವಿಯಾಗುವುದನ್ನೂ ತಡೆಯುತ್ತದೆ. ಸ್ನಾನವಾದ ಕೂಡಲೇ, ಮೈ ಇನ್ನೂ ಹಸಿಯಿರುವಾಗ ಎಣ್ಣೆ ಸವರಬೇಕೆಂಬ ಅಜ್ಜಿಯರ ಮಾತು ಭೌತವಿಜ್ಞಾನಕ್ಕೆ ಸರಿಹೊಂದುತ್ತದೆ. ಹರಪನಹಳ್ಳಿಯಂಥ ಒಣಸೀಮೆಯಲ್ಲಿ ಇದೇ ಅತ್ಯುತ್ತಮ, ಅಗ್ಗದ ಆರೈಕೆ. ಬೆಲೆಬಾಳುವ ಈ ಮಾತು ಸಲಹೆಯ ಪುಟಗಳಲ್ಲಿ ಅಪರೂಪ. ಏಕೆಂದರೆ ಇದರಿಂದ ಬಣ್ಣ ಬಿಳಿಯಾಗುವುದಿಲ್ಲ.

ಕಡಲೆಹಿಟ್ಟು, ಅಂಟುವಾಳ, ಸೀಗೆಕಾಯಿಗಳ ಹೊಗಳಿಕೆಯೂ ಹೀಗೆಯೇ: ತೀರ್ಪು ಸರಿ, ಕಾರಣ ತಪ್ಪು. ಬೋರ್‌ವೆಲ್‌ನ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಅಯಾನುಗಳು ಸಾಬೂನಿನೊಡನೆ ಸೇರಿ ಕರಗದ ಲವಣವಾಗುತ್ತವೆ. ಅದೇ ಬಕೀಟಿನ ಅಂಚಿಗೂ ಮೈಗೂ ಅಂಟುವ ಬೂದು ಜಿಡ್ಡು. ಅಂಟುವಾಳದ ಸಪೋನಿನ್ ಅಣುಗಳು ಹಾಗೆ ಒತ್ತರಿಸುವುದಿಲ್ಲ. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10 ಇದ್ದರೆ, ಅಂಟುವಾಳದ ನೀರು ಆಮ್ಲೀಯ. ಇದನ್ನು ಹೇಳಲು ಯಾವ ಋಷಿಯ ಹೆಸರೂ ಬೇಡ. ಆದರೆ ಅಂಟುವಾಳ ಕಣ್ಣಿಗೆ ಬಿದ್ದರೆ ಉರಿಯುವುದೂ ಅಷ್ಟೇ ನಿಜ.

ಅರಿಸಿನದ ಬಗ್ಗೆ ಬರೆಯುವವರೆಲ್ಲ ಅಮೆರಿಕದ ಪೇಟೆಂಟ್ ಕತೆಯನ್ನು ಸಾಕ್ಷಿಗೆ ಕರೆಯುತ್ತಾರೆ. ಗಾಯ ಮಾಯಿಸಲು ಅರಿಸಿನ ಬಳಸುವ ಬಗೆಗೆ 1995ರಲ್ಲಿ ಅಲ್ಲಿ ಪೇಟೆಂಟ್ ನೀಡಿದ್ದು, ನಮ್ಮ ಸಿಎಸ್‌ಐಆರ್ ಅದನ್ನು ಪ್ರಶ್ನಿಸಿದ್ದು, 1997ರಲ್ಲಿ ಅದು ರದ್ದಾದದ್ದು ಎಲ್ಲವೂ ನಿಜ. ಆದರೆ ರದ್ದಾದುದು ಆ ತಿಳಿವಳಿಕೆ ಹೊಸತಲ್ಲ ಎಂಬ ಕಾರಣಕ್ಕೆ. ಹಳೆಯದು ಎಂಬುದು ಪರಿಣಾಮಕಾರಿ ಎಂಬುದಕ್ಕೆ ಪುರಾವೆಯಲ್ಲ. ಅರಿಸಿನದಲ್ಲಿ ಕರ್ಕ್ಯುಮಿನ್ ಇರುವುದು ತೂಕದ ಕೆಲವೇ ಪ್ರತಿಶತ, ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಬೆಳಕಿಗೆ ಕೆಡುತ್ತದೆ. ಅರಿಸಿನದ ಸೀರೆಯನ್ನು ಬಿಸಿಲಿಗೆ ಹಾಕಿದರೆ ಕಲೆ ಮಾಸುವುದನ್ನು ಮನೆಯಲ್ಲಿ ಎಲ್ಲರೂ ಬಲ್ಲರು. ಮಾರುಕಟ್ಟೆಯ ಪುಡಿಗೆ ಸೀಸದ ಕ್ರೋಮೇಟಿನಂಥ ಹಳದಿ ಬಣ್ಣ ಬೆರೆಸುವ ದಂಧೆಯೂ ಇರುವುದರಿಂದ, ಕೊಂಬು ತಂದು ತೇಯುವುದು ವಾಸಿ.

ಈ ಸಲಹೆಗಾರರ ಪರವಾಗಿಯೂ ಒಂದು ಮಾತು ಹೇಳಬೇಕು. ಅಂಗಡಿಯ ಬಿಳುಪಿನ ಕ್ರೀಮುಗಳ ಬಗ್ಗೆ ಜನರಿಗಿರುವ ಭಯ ಸುಳ್ಳಲ್ಲ. ಸ್ಟೀರಾಯ್ಡ್ ಬೆರೆತ ಮುಲಾಮುಗಳು ವೈದ್ಯರ ಚೀಟಿಯಿಲ್ಲದೆ ಕೈಗೆ ಸಿಕ್ಕಿ ಎಷ್ಟೋ ಮುಖಗಳನ್ನು ಕೆಡಿಸಿವೆ. ಹೆಸರುವಾಸಿ ಕ್ರೀಮೊಂದು 2020ರಲ್ಲಿ ತನ್ನ ಹೆಸರಿನಿಂದ ‘ಫೇರ್’ ಎಂಬ ಪದವನ್ನು ಕೈಬಿಟ್ಟಿತು. ಅಡುಗೆಮನೆಯ ಪುಟಗಳು ಮಾತ್ರ ‘ಗೌರವರ್ಣ’ವನ್ನು ಇನ್ನೂ ಬಿಟ್ಟಿಲ್ಲ. ಹೊಲದಲ್ಲಿ ದುಡಿಯುವ ಹೆಣ್ಣುಮಗಳಿಗೆ ಆಕೆಯ ಮೆಲನಿನ್ ಒಂದು ಕೊರತೆ ಎಂದು ಮೊದಲು ನಂಬಿಸಿ, ಆಮೇಲೆ ನಿಂಬೆ ಕೊಡುವುದು ಎಲ್ಲಿಯ ನ್ಯಾಯ? ಅತಿನೇರಳೆ ಕಿರಣವನ್ನು ಹೀರಿ ಕೆಳಗಿನ ಕೋಶಗಳನ್ನು ಕಾಯುವ ವರ್ಣದ್ರವ್ಯ ಅದೊಂದೇ.

ಆ ತಾಯಿ ಕೊನೆಗೆ, “ಹಂಗಾರ ಏನ್ ಹಚ್ಕೋಬೇಕ್ರಿ?” ಎಂದರು. ಹಚ್ಚಿಕೊಳ್ಳುವುದಕ್ಕಿಂತ ಹೊದ್ದುಕೊಳ್ಳುವುದು ಮೇಲು ಎಂದೆ: ಒತ್ತಾಗಿ ನೇಯ್ದ ಗಾಢ ಬಣ್ಣದ ಹತ್ತಿಯ ಬಟ್ಟೆ, ಮುಖಕ್ಕೆ ನೆರಳು ಬೀಳುವಷ್ಟು ಮುಂದಕ್ಕೆ. ತುಣುಕನ್ನು ಮರಳಿ ಕೊಡುವ ಮೊದಲು ಅದರ ಕೆಳಗೆ ಪೆನ್ನಿನಿಂದ ‘ಹಚ್ಚಿಕೊಂಡು ಬಿಸಿಲಿಗೆ ಹೋಗಬಾರದು’ ಎಂದು ಬರೆದೆ. ಅಂಚಿನಲ್ಲಿ ಅಷ್ಟು ಜಾಗ ಇತ್ತು.