ಕಲ್ಲು ಕಡಿದವರ ಚರಿತ್ರೆ



ಗೋಕಾಕದ ದೇಜ್ಜ ಮಹಾರಾಜನ ತಾಮ್ರಪಟದ ವಿಷಯವನ್ನು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಅದರಲ್ಲಿ ಆಗುಪ್ತಾಯಿಕರೆಂಬ ಅರಸರ 845ನೆಯ ವರ್ಷದ ಉಲ್ಲೇಖವಿದೆ. ಈ ಕಾಲಗಣನೆ ಯಾವುದು, ದೇಜ್ಜನಿಗೂ ಮುಂದಿನ ಮಾನ್ಯಖೇಟದ ರಾಷ್ಟ್ರಕೂಟರಿಗೂ ಸಂಬಂಧವೇನು ಎಂದು ವಿದ್ವಾಂಸರು ಬಹಳ ಚರ್ಚಿಸಿದ್ದಾರೆ. ಚರ್ಚಿಸತಕ್ಕದ್ದೇ. ಆದರೆ ಅದೇ ಪಟದಲ್ಲಿ ಸೇಂದ್ರಕ ವಂಶದ ಇಂದ್ರಣಂದನು ಜೈನಾಚಾರ್ಯ ಆರ್ಯಣಂದಿಗೆ ಜಲಾರ ಗ್ರಾಮದಲ್ಲಿ 50 ನಿವರ್ತನ ಭೂಮಿಯನ್ನು ದಾನವಿತ್ತ ಸಂಗತಿಯೂ ಇದೆ. ಕೊಟ್ಟವರ ಹೆಸರುಂಟು, ಪಡೆದವರ ಹೆಸರುಂಟು. ಆ 50 ನಿವರ್ತನವನ್ನು ಉತ್ತವರು ಯಾರು? ಭೂಮಿ ಕೈಬದಲಾದ ಮೇಲೆಯೂ ಅವರೇ ಉತ್ತರೋ, ಬೇರೆಯವರು ಬಂದರೋ? ಪಟ ಮೌನವಾಗಿದೆ. ಆ ಮೌನವೂ ಒಂದು ಸಾಕ್ಷಿಯೇ ಸರಿ. ಅದನ್ನು ಸಾಕ್ಷಿಯೆಂದು ಬಗೆದವರು ಮಾತ್ರ ವಿರಳ.

ನಮ್ಮ ಸೀಮೆಯ ಪುರಾತತ್ತ್ವದ ಬರವಣಿಗೆಯ ಮೇಲೆ ನಮ್ಮ ಆಕ್ಷೇಪ ಇಲ್ಲಿಂದಲೇ ಹೊರಡುತ್ತದೆ. ಜೆ. ಎಫ್. ಫ್ಲೀಟ್ ಎಂಬ ಆಂಗ್ಲ ಅಧಿಕಾರಿ ಕನ್ನಡ ಕಲಿತು, ರಟ್ಟರ ಶಾಸನಗಳನ್ನು ಓದಿ ಪ್ರಕಟಿಸಿದನು. ಘಟಪ್ರಭೆಯ ದಂಡೆಯ ಕೊಣ್ಣೂರಿನ, ಎಂದರೆ ಶಾಸನದ ಕೊಂಡನೂರಿನ 1087ರ ಶಾಸನ; ಈಗ ಮೂಡಲಗಿ ತಾಲೂಕಿಗೆ ಸೇರಿರುವ ಕಲ್ಲೋಳಿಯಲ್ಲಿ ನಾಲ್ಕನೆಯ ಕಾರ್ತವೀರ್ಯನ ಕಾಲದ 1204ರ ಶಾಸನ; ಇವೆರಡೂ ನಮಗೆ ಅವನ ಮೂಲಕವೇ ತಿಳಿದವು. ಆತನ ಪರಿಶ್ರಮವನ್ನು ಹಗುರಾಗಿ ಕಾಣುವುದು ಕೃತಘ್ನತೆಯಾದೀತು. ಆದರೆ 1882ರಲ್ಲಿ ಹೊರಬಂದ ಅವನ ಗ್ರಂಥದ ಹೆಸರೇ ಕನ್ನಡ ಜಿಲ್ಲೆಗಳ ರಾಜವಂಶಗಳೆಂದು. ಅಜ್ಜ, ತಂದೆ, ಮಗ, ಮೊಮ್ಮಗ. ಗೆದ್ದ ಕಾಳಗ, ಪಡೆದ ಬಿರುದು. ಬಸದಿಗೆ ಕಲ್ಲು ಎಲ್ಲಿಂದ ಬಂತು, ಯಾರು ತಂದರು ಎಂಬುದು ಆ ವಂಶವೃಕ್ಷದ ಯಾವ ಕೊಂಬೆಗೂ ಹತ್ತಲಿಲ್ಲ. 1966ರಲ್ಲಿ ಡಾ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಬಂದ ಮೇಲೆಯೇ ಶಾಸನದಲ್ಲಿ ಜನಜೀವನವನ್ನು ಹುಡುಕುವ ದಾರಿ ನಮ್ಮಲ್ಲಿ ವಿಶಾಲವಾಯಿತು. ಆದರೂ ನಮ್ಮ ಊರುಗಳ ಸ್ಮರಣ ಸಂಚಿಕೆಗಳನ್ನು ತೆರೆದು ನೋಡಿರಿ: ಇಂದಿಗೂ ಫ್ಲೀಟನ ಪಟ್ಟಿಯೇ.

ಶಾಸನಗಳು ಶ್ರಮವನ್ನು ಸಂಪೂರ್ಣವಾಗಿ ಮುಚ್ಚಿಟ್ಟಿವೆ ಎಂದಲ್ಲ. ಗಾಣಕ್ಕೆ ಇಷ್ಟು ಎಣ್ಣೆ, ಎಲೆಯ ಹೇರಿಗೆ ಇಷ್ಟು ಎಲೆ ಎಂದು ದತ್ತಿ ಶಾಸನಗಳು ಲೆಕ್ಕವಿಡುತ್ತವೆ. ಬಿಟ್ಟಿ ಎಂಬ ಮಾತೂ ಶಾಸನಗಳಲ್ಲಿ ಬರುತ್ತದೆ. ಸಂಸ್ಕೃತದ ವಿಷ್ಟಿಯೇ ಕನ್ನಡದ ಬಿಟ್ಟಿ. ಕೂಲಿಯಿಲ್ಲದೆ ಬಲವಂತದಿಂದ ಮಾಡಿಸಿಕೊಳ್ಳುವ ದುಡಿಮೆ. ಇಂದು ನಾವು ‘ಬಿಟ್ಟಿ ಸಿಕ್ಕಿತು’ ಎಂದು ಸಂತೋಷಪಡುತ್ತೇವೆ. ದುಡಿದವನ ಬಾಯಲ್ಲಿದ್ದ ಸಂಕಟದ ಶಬ್ದ ಪಡೆದವನ ಬಾಯಿಗೆ ಬಂದು ಹೀಗೆ ಸಿಹಿಯಾದದ್ದನ್ನು ಭಾಷಾಶಾಸ್ತ್ರಜ್ಞರು ಅರ್ಥವ್ಯತ್ಯಾಸವೆಂದು ಕರೆದು ಮುಂದೆ ಸಾಗುತ್ತಾರೆ.

ಕೊಣ್ಣೂರಿನ ಬಳಿ ಕಲ್ಲಿನ ದೊಡ್ಡ ಚಪ್ಪಡಿಗಳನ್ನು ನಿಲ್ಲಿಸಿ, ಮೇಲೆ ಚಪ್ಪಡಿ ಹೊದಿಸಿದ ಬೃಹತ್ ಶಿಲಾಸಮಾಧಿಗಳಿವೆ. ಜನರು ಇವನ್ನು ಪಾಂಡವರ ಮನೆಗಳೆನ್ನುತ್ತಾರೆ. ಸಾಮಾನ್ಯ ಮನುಷ್ಯರಿಗೆ ಇಂಥ ಕಲ್ಲು ಎತ್ತಲಾಗದು, ಭೀಮನೇ ಎತ್ತಿರಬೇಕು ಎಂಬ ಭಾವನೆ. ಚೆಲುವಾದ ಗುಡಿ ಕಂಡರೆ ಜಕಣಾಚಾರಿ, ಭಾರಿ ಕಲ್ಲು ಕಂಡರೆ ಭೀಮ! ಹುಕ್ಕೇರಿಯ ಆದಿಲಶಾಹಿ ಗುಮ್ಮಟಗಳಿಗೂ ವಲ್ಲಭಗಡದ ಕೋಟೆಗೂ ಇದೇ ಗತಿ. ಅಲ್ಲಿ ಭೀಮನ ಬದಲು ಸುಲ್ತಾನ ಅಥವಾ ಸರದಾರ. ವಾಸ್ತವದಲ್ಲಿ ಒಂದು ಚಪ್ಪಡಿಯನ್ನು ಬಂಡೆಯಿಂದ ಬಿಡಿಸಿ, ಸಾಗಿಸಿ, ನಿಲ್ಲಿಸಲು ಹತ್ತಾರು ಜನ ಒಂದೇ ಉಸಿರಿನಲ್ಲಿ ಎಳೆಯಬೇಕು. ಅವರಿಗೆ ಅನ್ನ ಬೇಯಿಸಲು ಇನ್ನಷ್ಟು ಜನ ಬೇಕು. ಈ ದೃಷ್ಟಿಯ ಸಂಶೋಧನೆ ನಮ್ಮ ನಾಡಿನಲ್ಲಿ ಆಗಿಲ್ಲವೆನ್ನಲಾಗದು. ಈಗಿನ ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಡಾ. ಕೆ. ಪದ್ದಯ್ಯನವರು ನಡೆಸಿದ ಉತ್ಖನನದಲ್ಲಿ, ಸುಮಾರು 12 ಲಕ್ಷ ವರ್ಷಗಳ ಹಿಂದೆ ಆದಿಮಾನವರು ಸುಣ್ಣಗಲ್ಲಿನ ಹಾಸುಗಳನ್ನು ಒಡೆದು ಕೈಗೊಡಲಿ ಮಾಡುತ್ತಿದ್ದ ನೆಲೆಯೇ ಕಾಣಸಿಕ್ಕಿತು. ಅಲ್ಲಿ ಬೆಲೆಯುಳ್ಳ ವಸ್ತು ಬಂಗಾರವಲ್ಲ. ಕೆತ್ತುವಾಗ ಹಾರಿಬಿದ್ದ ಚಕ್ಕೆಗಳು.

ಈಜಿಪ್ತದ ಉದಾಹರಣೆಯನ್ನು ತುಸು ವಿವರವಾಗಿ ಹೇಳಬೇಕು. ಗಿಜಾದ ಮಹಾಪಿರಮಿಡ್ಡನ್ನು ಒಂದೊಂದು ಪಾಳಿಗೆ ಲಕ್ಷ ಜನ ಕಟ್ಟಿದರೆಂದು ಗ್ರೀಕ ಚರಿತ್ರಕಾರ ಹೆರೊಡೊಟಸ್ ಬರೆದನು. ಅವರು ಚಾವಟಿಯೇಟಿನ ಗುಲಾಮರೆಂದು ಮುಂದಿನವರು ಚಿತ್ರಿಸಿದರು. 1990ರಲ್ಲಿ ಪಿರಮಿಡ್ಡಿನ ಹತ್ತಿರ ಕೆಲಸಗಾರರ ಗೋರಿಗಳು ಸಿಕ್ಕವು. ಅವರ ವಸತಿಯಲ್ಲಿ ರೊಟ್ಟಿ ಸುಡುವ ಒಲೆಗಳು, ತಿಂದ ದನ-ಕುರಿಗಳ ಎಲುಬುಗಳು ದೊರೆತವು. ಅಸ್ಥಿಗಳಲ್ಲಿ ಮುರಿದು ಕೂಡಿಕೊಂಡ ಎಲುಬುಗಳಿದ್ದವು. ಎಂದರೆ ಗಾಯಗೊಂಡವರನ್ನು ಯಾರೋ ಆರೈಕೆ ಮಾಡಿದ್ದರು. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ದಲ್ಲಿ ಪಿಯೆರ್ ತಾಲೆ ಎಂಬ ಫ್ರೆಂಚ್ ವಿದ್ವಾಂಸರಿಗೆ ಸುಮಾರು 4500 ವರ್ಷಗಳ ಹಿಂದಿನ ಪಪೈರಸ್ ಹಾಳೆಗಳು ದೊರೆತವು. ಮೆರೆರ್ ಎಂಬ ಮೇಸ್ತ್ರಿಯ ದಿನಚರಿ ಅದು. ತೂರಾದ ಗಣಿಯಿಂದ ಸುಣ್ಣಗಲ್ಲು ತುಂಬಿಕೊಂಡು ದೋಣಿಯಲ್ಲಿ ಗಿಜಾಕ್ಕೆ ಹೋದದ್ದು, ರಾತ್ರಿ ತಂಗಿದ್ದು, ಮರಳಿದ್ದು, ಇಷ್ಟೇ. ಯಾವ ಬಿರುದಾವಳಿಯೂ ಇಲ್ಲದ ಈ ಲೆಕ್ಕದ ಹಾಳೆ ಒಂದು ಮಹಾಕಟ್ಟಡದ ಬಗೆಗಿನ ನಮ್ಮ ತಿಳಿವಳಿಕೆಯನ್ನೇ ಬದಲಿಸಿತು.

ಹಾಗೆಂದು ಗುಲಾಮರಲ್ಲದವರೆಲ್ಲ ಸಂತೋಷದಿಂದಲೇ ದುಡಿದರೆಂದು ಜಿಗಿಯುವುದೂ ಸಲ್ಲದು. ಕ್ರಿ.ಪೂ. 12ನೆಯ ಶತಮಾನದಲ್ಲಿ ಮೂರನೆಯ ರಾಮ್ಸೆಸನ 29ನೆಯ ಆಳ್ವಿಕೆಯ ವರ್ಷ ರಾಜಸಮಾಧಿಗಳನ್ನು ಕೊರೆಯುವ ಕುಶಲಕರ್ಮಿಗಳು, ಧಾನ್ಯದ ಪಡಿ ಬರಲಿಲ್ಲವೆಂದು ಕೆಲಸ ನಿಲ್ಲಿಸಿ ಗುಡಿಗಳ ಬಳಿ ಹೋಗಿ ಕುಳಿತರು. ಈ ವೃತ್ತಾಂತವುಳ್ಳ ಪಪೈರಸ್ ಇಟಲಿಯ ಟ್ಯೂರಿನ್ ವಸ್ತುಸಂಗ್ರಹಾಲಯದಲ್ಲಿದೆ. ಹಸಿದವರು ಹೋಗಿ ಕುಳಿತದ್ದು ಗುಡಿಯ ಬಳಿ ಎಂಬುದನ್ನು ಮಠಗಳಲ್ಲಿ ಕುಳಿತ ನಮ್ಮಂಥವರು ಎರಡು ಸಲ ಓದಬೇಕು.

ಈಗ ಕೊಣ್ಣೂರಿಗೂ ಕಲ್ಲೋಳಿಗೂ ಮರಳೋಣ. 1087 ಮತ್ತು 1204, ಈ ಎರಡು ಶಾಸನಗಳ ನಡುವಣ ಕಾಲದಲ್ಲಿಯೇ ಅಲ್ಲವೆ ಕಲ್ಯಾಣದಲ್ಲಿ ಬಸವಾದಿ ಶರಣರು ಸೇರಿದ್ದು? ಶಾಸನದ ಕಲ್ಲಿನಲ್ಲಿ ದುಡಿಯುವವನಿಗೆ ಹೆಸರಿಲ್ಲದ ಕಾಲದಲ್ಲಿ, ಅಲ್ಲಿ ದುಡಿಮೆಯೇ ಹೆಸರಾಯಿತು: ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಅಂಬಿಗರ ಚೌಡಯ್ಯ, ಆಯ್ದಕ್ಕಿ ಲಕ್ಕಮ್ಮ. ಶಿಲ್ಪಿಗಳ ಹೆಸರು ಅದಕ್ಕೂ ಮೊದಲು ಉಳಿದಿಲ್ಲವೆಂದಲ್ಲ. ಪಟ್ಟದಕಲ್ಲಿನ ಗುಂಡ ಅನಿವಾರಿತಾಚಾರಿ, ಸರ್ವಸಿದ್ಧಿ ಆಚಾರಿಗಳಂಥವರಿದ್ದಾರೆ. ಆದರೆ ಅವರು ಅರಸರ ಮನ್ನಣೆ ಪಡೆದ ಆಚಾರ್ಯರು. ಹಗ್ಗ ಹೊಸೆಯುವವನಿಗೂ ಬಿದಿರು ಸೀಳುವವನಿಗೂ ಚರಿತ್ರೆಯಲ್ಲಿ ಸ್ಥಾನ ಸಿಕ್ಕಿದ್ದು ಶರಣರಿಂದ.

ಇದನ್ನು ನಾವು ಹೆಮ್ಮೆಯಿಂದ ಹೇಳುತ್ತೇವೆ. ತಪ್ಪೂ ಅಲ್ಲಿಂದಲೇ ಹುಟ್ಟುತ್ತದೆ. ಕಾಯಕದ ಹೆಸರಿನಲ್ಲಿ ಕೂಲಿ ಕೇಳದೆ ದುಡಿಯಿರೆಂದು ಉಪದೇಶಿಸುವ ಒಂದು ರೂಢಿ ನಮ್ಮವರಲ್ಲಿ ಬೆಳೆದಿದೆ. ಇದು ಶರಣತತ್ತ್ವವಲ್ಲ. ಕಾಯಕದ ಗಳಿಕೆಯಿಂದ ದಾಸೋಹವೆಂಬುದು ಶರಣರ ಕ್ರಮ. ಗಳಿಕೆಯೇ ಇಲ್ಲದವನು ಯಾವುದರಿಂದ ದಾಸೋಹ ಮಾಡಿಯಾನು? ಕೂಲಿ ಕೊಡದೆ ಮಾಡಿಸಿಕೊಂಡದ್ದಕ್ಕೆ ಶಾಸನಗಳಲ್ಲಿ ಬೇರೆ ಹೆಸರಿದೆ. ಅದನ್ನು ಮೇಲೆಯೇ ಹೇಳಿದ್ದೇವೆ.

ಗೋಕಾಕದ ಧಬಧಬೆಯ ನೀರಿನ ಬಲದಿಂದ ನಡೆಯಲೆಂದು 1880ರ ದಶಕದಲ್ಲಿ ಎದ್ದ ನೂಲಿನ ಗಿರಣಿ ಈಗ ಪ್ರಾಚೀನ ವಸ್ತುಗಳ ಸಾಲಿಗೆ ಸೇರುವಷ್ಟು ಹಳೆಯದು. 170 ಅಡಿ ಧುಮುಕುವ ನೀರನ್ನೂ ತೂಗುಸೇತುವೆಯನ್ನೂ ನೋಡಲು ಬರುವವರು ಬಹಳ. ಮೊದಲ ದಿನಗಳಲ್ಲಿ ಹೊಲ ಬಿಟ್ಟು ಗಿರಣಿಯ ಸೀಟಿಗೆ ಎದ್ದು ಹೋದವರ ಮಾತು ಕೇಳಬೇಕೆಂದರೆ ಇಂದು ಅವರ ಮೊಮ್ಮಕ್ಕಳೂ ಮುದುಕರು. ನಮ್ಮ ಮಠದ ಹಳೆಯ ವಿದ್ಯಾರ್ಥಿಗಳಲ್ಲಿ ಗಿರಣಿಯ ಮನೆತನದವರು ಅನೇಕರಿದ್ದೀರಿ. ಮನೆಯಲ್ಲಿ ಹಳೆಯ ಪಗಾರ ಚೀಟಿ, ಹಾಜರಿ ಪುಸ್ತಕ ಉಳಿದಿದ್ದರೆ ರದ್ದಿಗೆ ಹಾಕಬೇಡಿರಿ. ಮೆರೆರನ ದಿನಚರಿಗಿಂತ ಅದು ಕಡಿಮೆಯದಲ್ಲ.

ಇಷ್ಟು ಬರೆದ ಮೇಲೆ ನಮ್ಮದನ್ನೂ ಹೇಳಿಕೊಳ್ಳಬೇಕು. ನಾವೇ ಅಡಿಗಲ್ಲಿಟ್ಟ ದಾಸೋಹ ಭವನದ ಗೋಡೆಯಲ್ಲಿ ಒಂದು ಅಮೃತಶಿಲೆಯ ಫಲಕವಿದೆ. ದಾನಿಗಳ ಹೆಸರುಗಳಿವೆ, ನಮ್ಮ ಹೆಸರು ಬಿರುದುಗಳ ಸಮೇತ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿದೆ. ಗೌಂಡಿಗಳದು ಒಂದೂ ಇಲ್ಲ. ಫಲಕದ ಕೆಳಗೆ ಒಂದು ಮೊಳದಷ್ಟು ಜಾಗ ಖಾಲಿಯಿದೆ. ಕಾರಕೂನರು ಹಳೆಯ ಲೆಕ್ಕದ ವಹಿಗಳನ್ನು ತೆಗೆದು ನೋಡುತ್ತಿದ್ದಾರೆ. ಈವರೆಗೆ ಹನ್ನೊಂದು ಹೆಸರು ಸಿಕ್ಕಿವೆ. ಬುಟ್ಟಿ ಹೊತ್ತ ಹೆಣ್ಣುಮಕ್ಕಳ ಹೆಸರನ್ನು ಮಾತ್ರ ವಹಿಯಲ್ಲಿಯೂ ಬರೆದಿಲ್ಲ, ‘ಹೆಣ್ಣಾಳು 14’ ಎಂದಷ್ಟೇ ಇದೆ.