ಸಂಗೀತಗಾರನ ಸ್ವಸಾಕ್ಷ್ಯ: ವಿಶ್ವಕೋಶದ ಜೀವನಚರಿತ್ರೆಯಲ್ಲಿ ‘ಪ್ರಮಾಣ’ದ ಪ್ರಶ್ನೆ

ಬದುಕಿರುವ ಕಲಾವಿದನ ಚರಿತ್ರೆಯನ್ನು ಬರೆಯುವಾಗ ಅವನ ಸ್ವಂತ ಮಾತಿಗೆ ಎಷ್ಟು ಮನ್ನಣೆ ಸಲ್ಲಬೇಕು? ಅಮೆರಿಕದ ಸಂಗೀತಗಾರರೂ ಗಣಕವಿಜ್ಞಾನಿಗಳೂ ಆದ ಜೆರಾನ್ ಲೇನಿಯರ್ 2006ರ ಮೇ ತಿಂಗಳಲ್ಲಿ ‘ಎಡ್ಜ್’ ಎಂಬ ಅಂತರಜಾಲ ಪತ್ರಿಕೆಯಲ್ಲಿ ಪ್ರಕಟಿಸಿದ ‘ಡಿಜಿಟಲ್ ಮಾವೋಯಿಸಂ’ ಎಂಬ ಪ್ರಬಂಧವು ಈ ಹಳೆಯ ಪ್ರಶ್ನೆಯನ್ನು ಹೊಸ ನೆಲೆಯಲ್ಲಿ ಎತ್ತಿತು. ವಿಕಿಪೀಡಿಯವು ತಮ್ಮನ್ನು ಚಲನಚಿತ್ರ ನಿರ್ದೇಶಕನೆಂದು ಕರೆಯುತ್ತಿದೆ, ತಿದ್ದಿದರೂ ದಿನವೊಂದರೊಳಗೆ ಅದೇ ವಿಶೇಷಣ ಮರಳಿ ಬರುತ್ತಿದೆ ಎಂಬುದು ಅವರ ದೂರು. ಪತ್ರಕರ್ತರೂ ಅವರ ‘ಚಿತ್ರಜೀವನ’ವನ್ನು ಕುರಿತು ಪ್ರಶ್ನಿಸತೊಡಗಿದ್ದರಂತೆ.

ಅನಾಮಿಕ ಸಮೂಹವನ್ನು ಸರ್ವಜ್ಞವೆಂದು ಭಾವಿಸುವ ಪ್ರವೃತ್ತಿ ವ್ಯಕ್ತಿಯ ದನಿಯನ್ನು ಅಳಿಸುತ್ತದೆ ಎಂಬ ಅವರ ಮುಖ್ಯವಾದವು ಸಾಕಷ್ಟು ಚರ್ಚಿತವಾಗಿದೆ. ಆ ವಾದಕ್ಕೆ ಅವರು ಮೆಟ್ಟಿಲಾಗಿ ಮಾತ್ರ ಬಳಸಿದ ಆರಂಭದ ದೂರೇ ನನಗೆ ಹೆಚ್ಚು ವಿಚಾರಾರ್ಹವಾಗಿ ತೋರುತ್ತದೆ. ಏಕೆಂದರೆ ವಿಶ್ವಕೋಶ ಹೇಳಿದ್ದು ಸುಳ್ಳಲ್ಲ. ಲೇನಿಯರ್ ಒಂದು ಪ್ರಾಯೋಗಿಕ ಕಿರುಚಿತ್ರ ಮಾಡಿದ್ದುಂಟು. ಅದು ಒಮ್ಮೆ ಉತ್ಸವವೊಂದರಲ್ಲಿ ಪ್ರದರ್ಶಿತವಾಯಿತೆಂದು ಅವರೇ ಒಪ್ಪಿದ್ದಾರೆ. ಲಾವೋಸ್ ದೇಶದ ‘ಖೇನ್’ ಮೊದಲಾದ ಅಪರೂಪದ ವಾದ್ಯಗಳನ್ನು ನುಡಿಸುತ್ತ, 1994ರಲ್ಲಿ ‘ಇನ್‌ಸ್ಟ್ರುಮೆಂಟ್ಸ್ ಆಫ್ ಚೇಂಜ್’ ಧ್ವನಿಮುದ್ರಿಕೆಯನ್ನು ಹೊರತಂದವರನ್ನು ಆ ಒಂದು ಕಿರುಚಿತ್ರದಿಂದ ಗುರುತಿಸಿದ್ದೇ ಆಕ್ಷೇಪದ ತಿರುಳು. ಸಂಗತಿ ಸರಿ, ತೂಕ ತಪ್ಪು.

ಕನ್ನಡದಲ್ಲಿ ‘ಪ್ರಮಾಣ’ ಎಂಬ ಒಂದೇ ಪದಕ್ಕೆ ಆಧಾರ, ಅಳತೆ ಎಂಬ ಎರಡು ಅರ್ಥಗಳಿರುವುದು ಇಲ್ಲಿ ಉಪಯುಕ್ತ. ಕಾದಂಬರಿಕಾರ ಫಿಲಿಪ್ ರಾತ್ 2012ರಲ್ಲಿ ‘ದಿ ನ್ಯೂಯಾರ್ಕರ್’ ಪತ್ರಿಕೆಯಲ್ಲಿ ಬರೆದ ಬಹಿರಂಗ ಪತ್ರವು ಮೊದಲ ಅರ್ಥದ ಪ್ರಮಾಣಕ್ಕೆ ಸಂಬಂಧಿಸಿದ್ದು: ತಮ್ಮ ‘ದಿ ಹ್ಯೂಮನ್ ಸ್ಟೇನ್’ ಕೃತಿಗೆ ಪ್ರೇರಣೆ ಯಾರೆಂಬ ಬಗ್ಗೆ ಅವರು ಹೇಳಿದ ಮಾತಿಗೂ ವಿಶ್ವಕೋಶ ಬೇರೆ ಆಧಾರ ಕೇಳಿತ್ತು. ಆ ಪತ್ರ ಅಚ್ಚಾದೊಡನೆ ಅದೇ ಆಧಾರವಾಯಿತು. ಅಂದರೆ ನಿರಾಕೃತವಾದದ್ದು ಸ್ವಸಾಕ್ಷ್ಯವಲ್ಲ, ಅಪ್ರಕಟಿತ ಸ್ವಸಾಕ್ಷ್ಯ. ಲೇನಿಯರ್ ಪ್ರಕರಣ ಎರಡನೆಯ ಅರ್ಥದ್ದು, ಹೆಚ್ಚು ಜಟಿಲವಾದದ್ದು. ವಿಷಯಕ್ಕೆ ತಕ್ಕ ತೂಕ ಕೊಡಬೇಕೆಂಬ ನಿಯಮ ವಿಕಿಪೀಡಿಯದಲ್ಲಿಯೂ ಇದೆ. ಆದರೆ ಅಲ್ಲಿ ತಕ್ಕಡಿಯೆಂದರೆ ಪ್ರಕಟಿತ ಬರಹಗಳೇ. ಪತ್ರಿಕೆಗಳು ಯಾವುದನ್ನು ಹೆಚ್ಚು ಬರೆದವೋ ಅದೇ ಬದುಕಿನ ದೊಡ್ಡ ಭಾಗವಾಗುತ್ತದೆ.

ತನ್ನ ಬದುಕಿನ ತೂಕವನ್ನು ಸಂಗೀತಗಾರನೇ ನಿರ್ಧರಿಸಲೆಂದು ಬಿಟ್ಟುಬಿಡುವುದೂ ಸಲ್ಲ. ಘರಾಣೆಗಳ ವಂಶಕಥನಗಳನ್ನು ಕೇಳಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಚರಿತ್ರನಾಯಕನು ತನ್ನ ಪುಟವನ್ನು ತಾನೇ ತಿದ್ದದೆ ಚರ್ಚಾಪುಟದಲ್ಲಿ ಕೋರಿಕೆ ಸಲ್ಲಿಸಬೇಕೆಂಬ ವಿಕಿಪೀಡಿಯದ ಸಲಹೆ ಈ ದೃಷ್ಟಿಯಿಂದ ಯುಕ್ತವೇ ಆಗಿದೆ. ಆದರೆ ಕೋರಿಕೆಯನ್ನು ತೂಗಿ ನೋಡಬಲ್ಲ ವಿವೇಕಿ ವಾಚಕನೊಬ್ಬ ಅಲ್ಲಿರಬೇಕು. ಲೇನಿಯರ್ ಬಯಸಿದ್ದು ಅಂಥ ಹೆಸರುಳ್ಳ, ಹೊಣೆಯುಳ್ಳ ಸಂಪಾದಕನನ್ನು ಎಂದು ನಾನು ಓದುತ್ತೇನೆ. ಪ್ರಬಂಧದ ಶೀರ್ಷಿಕೆಯ ಆರ್ಭಟವೇ ಆ ಮಾತನ್ನು ಮರೆಮಾಡಿದೆ.

ಹೊರನಾಡಿನಲ್ಲಿದ್ದು ಕರ್ನಾಟಕದ ಹಿಂದೂಸ್ತಾನಿ ಗಾಯಕರನ್ನು ಅಭ್ಯಸಿಸುವವರಿಗೆ ಈ ಭೇದ ತೀರ ಹತ್ತಿರದ್ದು. ಮಲ್ಲಿಕಾರ್ಜುನ ಮನ್ಸೂರರು ಕೆಲಕಾಲ ಎಚ್.ಎಂ.ವಿ. ಸಂಸ್ಥೆಯಲ್ಲಿ ಸಂಗೀತ ನಿರ್ದೇಶಕರಾಗಿದ್ದರು. ಅದಕ್ಕೆ ಆಧಾರವೂ ಉಂಟು. ಅವರನ್ನು ಕೇವಲ ‘ಸಂಗೀತ ನಿರ್ದೇಶಕ’ರೆಂದು ಪರಿಚಯಿಸುವ ನಮೂದನ್ನು ಊಹಿಸಿಕೊಂಡರೆ ಲೇನಿಯರ್ ಅವರ ಸಂಕಟ ನಮಗೆ ಅರ್ಥವಾದೀತು. ಮನ್ಸೂರರಿಗೆ ‘ನನ್ನ ರಸಯಾತ್ರೆ’ ಎಂಬ ಆತ್ಮಕಥೆಯಿದೆ. ನೀಲಕಂಠಬುವಾ, ಮಂಜಿಖಾನ್, ಬುರ್ಜಿಖಾನ್ ಎಂಬ ಗುರುಪರಂಪರೆಗೆ ಸಲ್ಲಬೇಕಾದ ತೂಕವನ್ನು ಅರಿಯಲು ನಾವು ಅದರ ಮೊರೆಹೋಗಬಹುದು. ಆತ್ಮಕಥೆ ಬರೆಯದ, ಪತ್ರಿಕೆಗಳು ಪ್ರಶಸ್ತಿ ಬಂದ ದಿನ ಮಾತ್ರ ನೆನೆದ ಗಾಯಕಿಯೊಬ್ಬಳು ತನ್ನ ಬದುಕಿನಲ್ಲಿ ಯಾವುದು ದೊಡ್ಡದೆಂದು ಸಂಶೋಧಕನೆದುರು ಹೇಳಿಕೊಂಡರೆ, ಆ ಮಾತು ಅವನ ಟಿಪ್ಪಣಿ ಪುಸ್ತಕದಲ್ಲಿ ಉಳಿದಿರುವವರೆಗೆ ಯಾವ ವಿಶ್ವಕೋಶಕ್ಕೂ ಅದು ಪ್ರಮಾಣವಲ್ಲ.